ಹತ್ತನೆಯವಳು

ಗೋಮತಿಗೆ ಮರೆವು ಎಂಬುದೇ ಇಲ್ಲ ಎಂದು ಅವಳ ಮನೆಯವರು ಹೇಳುತ್ತಾರೆ. ಹೊಗಳಿಕೆ ಎಂದುಕೊಳ್ಳಬೇಡಿ, ಅದು ಎಚ್ಚರಿಕೆ. ಚಿಕ್ಕಂದಿನಲ್ಲಿ ಅತ್ತೆಯ ಮಗಳು ಜಯಪ್ರಿಯಾ ಇವಳ ಮೇಲೆ ಚಾಡಿ ಹೇಳಿ ಏಟು ತಿನ್ನಿಸಿದ್ದಕ್ಕೆ, ಆ ಹುಡುಗಿಯ ಮದುವೆಯಾಗಿ ಮಗುವಾದ ಮೇಲೂ ಗೋಮತಿ ಅವಳ ಮುಖ ನೋಡಿ ನಕ್ಕವಳಲ್ಲ. ಮಗುವನ್ನು ಎತ್ತಿಕೊಂಡು ಮುದ್ದಾಡುತ್ತಾಳೆ, ತಾಯಿಯ ಕೈಗೆ ಕೊಡುವಾಗ ಬೇರೆ ಕಡೆ ನೋಡುತ್ತಾಳೆ.

ಈ ಗುಣ ಅವಳಿಗೆ ಬಂದದ್ದು ಅಜ್ಜಿ ನಾಚಿಯಮ್ಮನಿಂದ. ನಾಚಿಯಮ್ಮನ ತಮ್ಮ ಒಮ್ಮೆ ತನ್ನ ಮಗನ ಮದುವೆಗೆ ಅಕ್ಕನನ್ನು ಫೋನಿನಲ್ಲಿ ಕರೆದುಬಿಟ್ಟ. ಅವರಲ್ಲಿ ಗಂಡ ಹೆಂಡತಿ ಇಬ್ಬರೂ ಮನೆಗೆ ಬಂದು, ಕುಂಕುಮ ಕೊಟ್ಟು, ತಟ್ಟೆಯಲ್ಲಿ ವೀಳ್ಯ ಇಟ್ಟು ಕರೆದರಷ್ಟೇ ಕರೆದ ಹಾಗೆ. ನಾಚಿಯಮ್ಮ ಮದುವೆಗೆ ಹೋಗಲಿಲ್ಲ. ಆಮೇಲೆ ತಮ್ಮ ಬಂದು ಕಾಲಿಗೆ ಬಿದ್ದರೂ ಬಗ್ಗಲಿಲ್ಲ. ಅವನ ಮನೆ ಇವರ ಜಗಲಿಯಿಂದ ಕಾಣುತ್ತದೆ. ಅಜ್ಜಿ ಇಂದಿಗೂ ಆ ದಿಕ್ಕಿಗೆ ಬೆನ್ನು ಹಾಕಿಯೇ ಕೂರುತ್ತಾಳೆ, ಎದುರು ಬಿಸಿಲು ಹೊಡೆದರೂ ಸರಿಯೇ.

ಕೊಯಮತ್ತೂರಿನ ಹತ್ತಿರದ ಕಿಣತ್ತುಕಡವಿನ ಹೆದ್ದಾರಿ ಬಿಟ್ಟು ಸ್ವಲ್ಪ ಒಳಗೆ ಅವರ ತೋಟ. ಗೋಮತಿಯ ಅಪ್ಪ ಕೃಷ್ಣಸಾಮಿ ಟೊಮೇಟೊ ಬೆಳೆದು ಊರಿನ ಮಾರುಕಟ್ಟೆಗೆ ಹಾಕುತ್ತಾರೆ. ಯಾವುದೋ ಕಾಲದಲ್ಲಿ ಮೈಸೂರು ಕಡೆಯಿಂದ ಘಟ್ಟ ಇಳಿದು ಬಂದ ಒಕ್ಕಲು ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಒಳಗಿನ ಕನ್ನಡದಲ್ಲೂ ಅರ್ಧ ತಮಿಳೇ. ಕನ್ನಡದ ಒಂದಕ್ಷರ ಓದಬಲ್ಲವರು ಆ ಮನೆಯಲ್ಲಿ ಯಾರೂ ಇರಲಿಲ್ಲ, ಅದೊಂದು ಕೊರತೆ ಎಂದು ಯಾರಿಗೂ ಅನ್ನಿಸಿರಲೂ ಇಲ್ಲ. ಅಪ್ಪ ಅಮ್ಮ ಈಚೆಗೆ ತಮ್ಮತಮ್ಮಲ್ಲೇ ತಮಿಳಿಗೆ ಜಾರಿದ್ದರು. ಗಟ್ಟಿಯಾಗಿ ಉಳಿದಿದ್ದವರು ಅಜ್ಜಿ ಮೊಮ್ಮಗಳು ಇಬ್ಬರೇ.

ಹಾಗಾಗಿ ಕೊಯಮತ್ತೂರಿನ ಕಾಲೇಜಿಗೆ ಸೇರುವ ದಿನ ಗೋಮತಿ ಒಂದು ತಪ್ಪು ಮಾಡಿದಳು. ಅವಳಂಥ ಮನೆಯ ಹುಡುಗಿ ಮಾತ್ರ ಮಾಡಬಹುದಾದ ತಪ್ಪು. ಬಿಎ ತರಗತಿಗೆ ಒಂದು ಭಾಷೆಯ ಸಾಹಿತ್ಯ ಆರಿಸಿಕೊಳ್ಳಬೇಕು, ತಮಿಳು, ಹಿಂದಿ, ಮಲಯಾಳ, ಕನ್ನಡ ಇವೆ ಎಂದರು. ಮನೆಯ ಮಾತಲ್ಲವೇ, ಓದದೆಯೇ ಪಾಸಾಗಬಹುದು ಎಂದು ಅವಳು ಕನ್ನಡ ಎಂದಳು. ಓದಲು ಅಕ್ಷರ ಬೇಕಾಗುತ್ತದೆ ಎಂಬುದು ಹೊಳೆಯಲೇ ಇಲ್ಲ.

ಕನ್ನಡದ ಮೇಷ್ಟರು ಪ್ರಕಾಶ. ದಾವಣಗೆರೆ ಕಡೆಯವರು, ಇನ್ನೂ ಚಿಕ್ಕ ವಯಸ್ಸು, ಪೀಳಮೇಡಿನಲ್ಲಿ ಒಂದು ಕೋಣೆ ಹಿಡಿದು ತಾವೇ ಅಡುಗೆ ಮಾಡಿಕೊಂಡಿದ್ದರು. ತರಗತಿಯಲ್ಲಿದ್ದವರು ಬಹುಪಾಲು ಕರ್ನಾಟಕದಿಂದ ಕೆಲಸಕ್ಕೆ ಬಂದವರ ಮಕ್ಕಳು. ಮೊದಲ ದಿನವೇ ಮೇಷ್ಟರು ನಿಯಮ ಹೇಳಿದರು. ಗಂಟೆಯಾದ ಮೇಲೆ ಬಂದವರಿಗೆ ಒಳಗೆ ಪ್ರವೇಶವಿಲ್ಲ. ಪಠ್ಯ ಇಲ್ಲದೆ ಬರಬಾರದು. ಗೈಡ್ ಕಂಡರೆ ಕಿಟಕಿಯಿಂದ ಆಚೆ. ದಿನಕ್ಕೊಬ್ಬರು ಎದ್ದು ನಿಂತು ಗಟ್ಟಿಯಾಗಿ ಓದಬೇಕು. ತರಗತಿಯೊಳಗೆ ಶುದ್ಧ ಕನ್ನಡ, ಬೇರೆ ಭಾಷೆಯ ಪದ ಬಾಯಿಂದ ಬಿದ್ದರೆ ನಿಂತೇ ಪಾಠ ಕೇಳಬೇಕು. ಮೊದಲ ಪರೀಕ್ಷೆಯೊಳಗೆ ಸರಾಗವಾಗಿ ಓದಲು ಬಾರದವರು ಬೇರೆ ಭಾಷೆಗೆ ಹೋಗಬೇಕು.

ಗೋಮತಿಯ ಸರದಿ ಬಂತು. ಅವಳು ಎದ್ದು ನಿಂತು ಪುಸ್ತಕ ನೋಡಿದಳು.

"ಎಳುತ್ತು ಬರಲ್ಲ ಸಾರ್. ನಮ್ ಮನೇಲಿ ಮಾತಾಡೋದು ಕನ್ನಡಾನೇ. ಅದ್ಕೇ ಸೇರಿದೆ" ಎಂದಳು.

"ಅಕ್ಷರ ಅನ್ನು. ಎಳುತ್ತು ಅಲ್ಲ" ಎಂದರು ಮೇಷ್ಟರು. "ನಿಂತಿರು."

ಅವಳು ನಿಂತಳು. ಆ ವಾರವೆಲ್ಲ ನಿಂತೇ ಇದ್ದಳು ಎನ್ನಬೇಕು, ಏಕೆಂದರೆ ಬಾಯಿ ತೆರೆದರೆ ಏನಾದರೊಂದು ತಮಿಳು ಉದುರುತ್ತಿತ್ತು. ಅದನ್ನೇನೂ ಅವಳು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಶಿಕ್ಷೆ ಎಂದರೆ ಶಿಕ್ಷೆ, ಕಾಲು ನೋಯುತ್ತದೆ, ಅಷ್ಟೆ. ಹೊಸಪೇಟೆಯ ಹಿನಾ ಎಂಬ ಹುಡುಗಿ ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಪಕ್ಕದಲ್ಲಿ ಕೂತು ಅಕ್ಷರ ಕಲಿಸತೊಡಗಿದಳು. ಗೋಮತಿ ಬೇಗ ಕಲಿತಳು. ಅವಳು ದಡ್ಡಿಯಲ್ಲ.

ಹಗೆ ಹುಟ್ಟಿದ್ದು ಆಮೇಲೆ. ಮೇಷ್ಟರು ಎಲ್ಲರಿಗೂ ಒಂದು ಕೆಲಸ ಕೊಟ್ಟರು. ಮನೆಯ ಹಿರಿಯರ ಬಾಯಿಂದ ಒಂದು ಕತೆ ಕೇಳಿ, ಅವರ ದನಿಯಲ್ಲೇ ಫೋನಿನಲ್ಲಿ ಹಿಡಿದು ತರಬೇಕು. ಗೋಮತಿಗೆ ಆಕಾಶ ಕೈಗೆ ಸಿಕ್ಕಿದಷ್ಟು ಖುಷಿ. ತರಗತಿಯಲ್ಲಿ ಉಳಿದವರ ಅಜ್ಜಿಯರೆಲ್ಲ ದೂರದ ಊರುಗಳಲ್ಲಿ, ಇವಳ ಅಜ್ಜಿ ಮನೆಯಲ್ಲೇ ಇದ್ದಾಳೆ, ಕತೆಯ ಕಣಜ.

ನಾಚಿಯಮ್ಮ ತಲೆಗೆ ನೀರು ಹಾಕಿಕೊಂಡು, ಒಳ್ಳೆಯ ಸೀರೆ ಉಟ್ಟು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಫೋನಿನ ಎದುರು ನೆಟ್ಟಗೆ ಕೂತಳು. ದನಿ ಮಾತ್ರ ಅಜ್ಜಿ ಎಂದರೂ ಕೇಳಲಿಲ್ಲ. ನೀರಿಲ್ಲದ ಬಾವಿಯೊಂದಕ್ಕೆ ಊರವರು ಒಬ್ಬ ಹುಡುಗಿಯನ್ನು ಹೆಂಡತಿಯಾಗಿ ಕೊಟ್ಟ ಕತೆ ಹೇಳಿದಳು. ಹುಡುಗಿ ಬಾವಿಯ ಜೊತೆ ಸಂಸಾರ ಮಾಡುತ್ತಾಳೆ, ಜಗಳವಾಡುತ್ತಾಳೆ, ಕೊನೆಗೆ ತವರಿಗೆ ಹೊರಟು ನಿಂತಾಗ ಬಾವಿ ಅತ್ತು ತುಂಬಿಕೊಳ್ಳುತ್ತದೆ. ಹೇಳಿ ಮುಗಿಸಿ ಅಜ್ಜಿ ತಾನೂ ಕಣ್ಣೊರೆಸಿಕೊಂಡಳು.

ತರಗತಿಯಲ್ಲಿ ಮೇಷ್ಟರು ಅದನ್ನು ಎಲ್ಲರಿಗೂ ಕೇಳುವಂತೆ ಹಾಕಿದರು. "ಒಂದೂರ್ಲಿ ಒಂದ್ ಕಿಣರು ಇತ್ತು. ಕಿಣರಲ್ಲಿ ತಣ್ಣೀನೇ ಇಲ್ಲ. ಅಪ್ಪುರಂ" ಎನ್ನುತ್ತಿದ್ದಂತೆ ನಿಲ್ಲಿಸಿದರು. ಬಾವಿ, ನೀರು, ಆಮೇಲೆ ಎಂದು ಬೋರ್ಡಿನ ಮೇಲೆ ಬರೆದರು. ಮತ್ತೆ ಹಾಕಿದರು, ಮತ್ತೆ ನಿಲ್ಲಿಸಿದರು. ಹಿಂದಿನ ಬೆಂಚಿನ ವಿಶ್ವಾಸ್ ಎಂಬ ಹುಡುಗ ಅಜ್ಜಿಯ ರಾಗ ಅಣಕಿಸಿದ. ಎಲ್ಲರೂ ನಕ್ಕರು. ಮೇಷ್ಟರು ಬೇಡ ಬೇಡ ಎನ್ನುತ್ತಲೇ ತಾವೂ ನಕ್ಕರು.

"ಇದು ಕನ್ನಡ ಅಲ್ಲಮ್ಮ, ಬೆರಕೆ" ಎಂದರು. "ಸಾಹಿತ್ಯ ಅಂದ್ರೆ ಏನು ಅಂತ ತಿಳಿಯೋಕೆ ಮೊದಲು ಯಾವುದು ಅಲ್ಲ ಅಂತ ತಿಳೀಬೇಕು. ಅದಕ್ಕೆ ಇದು ಒಳ್ಳೆ ಉದಾಹರಣೆ."

ಹುಡುಗಿ ತವರಿಗೆ ಹೊರಟು ನಿಲ್ಲುವ ತನಕ ಕತೆ ಹೋಗಲೇ ಇಲ್ಲ. ಗಂಟೆ ಹೊಡೆಯಿತು.

ಸಂಜೆ ಬಸ್ಸಿಳಿದು ಮನೆಗೆ ಬಂದರೆ ಅಜ್ಜಿ ಜಗಲಿಯಲ್ಲೇ ಕಾದಿದ್ದಳು.

"ವಾತ್ಯಾರು ಏನಂದ್ರು ಅಮ್ಮುಣಿ?"

"ನಲ್ಲಾ ಇದೆ ಅಂದ್ರು ಅಜ್ಜಿ. ಇಂಥ ಕತೆ ಕೇಳೇ ಇಲ್ಲ ಅಂದ್ರು."

ಅಜ್ಜಿಯ ಮುಖ ಅರಳಿತು. ಗೋಮತಿ ಕೈಕಾಲು ತೊಳೆಯುವ ನೆಪ ಮಾಡಿ ಹಿತ್ತಿಲಿಗೆ ಹೋಗಿ ತೊಟ್ಟಿಯ ಪಕ್ಕ ಕೂತಳು. ತನ್ನನ್ನು ಏನು ಬೇಕಾದರೂ ಅನ್ನಲಿ, ಬೋರ್ಡಿಗೆ ಕಟ್ಟಿ ನಿಲ್ಲಿಸಲಿ. ಒಳ್ಳೆ ಸೀರೆ ಉಟ್ಟು ಕೂತ ಮುದುಕಿಯ ಮಾತಿಗೆ ನಕ್ಕರಲ್ಲ, ಇದಕ್ಕೆ ಆ ಮನುಷ್ಯ ಅನುಭವಿಸಲೇಬೇಕು ಎಂದು ಅವಳು ಅಲ್ಲೇ ನಿಶ್ಚಯಿಸಿದಳು. ಹೇಗೆ ಎಂಬುದು ಗೊತ್ತಿರಲಿಲ್ಲ. ನಾಚಿಯಮ್ಮನ ಮೊಮ್ಮಗಳಿಗೆ ಕಾಯುವುದು ಗೊತ್ತಿತ್ತು.

ಮೊದಲ ಪರೀಕ್ಷೆ ಬಂತು. ಅಷ್ಟರಲ್ಲಿ ಗೋಮತಿ ಕೂಡಿಸಿಕೊಂಡು ಕೂಡಿಸಿಕೊಂಡು ಓದುವಷ್ಟಾಗಿದ್ದಳು. ಸರಾಗವಾಗಿ ಅಲ್ಲ. ಉತ್ತರಗಳನ್ನೂ ತನ್ನ ಮನೆಯ ಮಾತಿನಲ್ಲೇ ಬರೆದಿದ್ದಳು. ಮೇಷ್ಟರು ಉತ್ತರಪತ್ರಿಕೆಯನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿ ಅವಳ ಮುಂದೆ ಇಟ್ಟರು.

"ನಿಯಮ ಮೊದಲೇ ಹೇಳಿದ್ದೆ. ಭಾಷೆ ಬದಲಾಯಿಸೋಕೆ ಇನ್ನೂ ಅವಕಾಶ ಇದೆ. ತಮಿಳಿಗೆ ಹೋಗಿಬಿಡಮ್ಮ, ನಿನಗೂ ಸುಖ ನನಗೂ ಸುಖ."

ಗೋಮತಿ ತಲೆ ತಗ್ಗಿಸಿಕೊಂಡು ಆಫೀಸಿಗೆ ಹೋದಳು. ಅಲ್ಲಿ ಗುಮಾಸ್ತನಾಗಿದ್ದವನು ಅವಳ ಸೋದರಮಾವ ಸೆಂದಿಲ್ ಕುಮಾರ್. ಅವಳು ಭಾಷೆ ಬದಲಾವಣೆಯ ಅರ್ಜಿ ಬೇಕು ಎಂದಾಗ ಅವನು ಸುತ್ತಮುತ್ತ ನೋಡಿ ದನಿ ತಗ್ಗಿಸಿದ.

"ಏಯ್ ಪುಳ್ಳೆ, ಕನ್ನಡ ಕ್ಲಾಸ್ನಲ್ಲಿ ಈಗ ಇರೋದೇ ಹತ್ತು ಜನ. ಹತ್ತು ಇಲ್ದಿದ್ರೆ ಕ್ಲಾಸ್ ಮುಚ್ತಾರೆ. ಆ ಸಾರ್ ಕಾಂಟ್ರಾಕ್ಟ್ ತಾನೆ, ಮನೆಗೆ ಕಳಿಸ್ಬುಡ್ತಾರೆ."

"ಅವ್ರಿಗೆ ತಿಳೀದಾ ಮಾಮಾ?"

"ಸೇರೋವಾಗ ಹನ್ನೆರಡು ಇತ್ತು. ಇಬ್ರು ಇಂಜಿನಿಯರಿಂಗ್ ಸಿಕ್ತು ಅಂತ ಹೋದ್ರು. ಈ ಹತ್ತರ ರೂಲ್ ಅವ್ರಿಗೆ ಯಾರ್ ಹೇಳ್ತಾರೆ?"

ಗೋಮತಿ ಮಾವನ ಮುಂದಿದ್ದ ಅರ್ಜಿಯ ಹಾಳೆ ಎಳೆದುಕೊಂಡಳು. ಆಮೇಲೆ ನಕ್ಕಳು. ವಾರಗಳಿಂದ ಅವಳು ನಕ್ಕಿರಲಿಲ್ಲ. ತಾನು ಏನೂ ಮಾಡಬೇಕಾಗಿಲ್ಲ! ಮೇಷ್ಟರ ಮಾತು ಕೇಳುವ ಒಳ್ಳೆಯ ವಿದ್ಯಾರ್ಥಿನಿಯಾದರೆ ಸಾಕು. ಅಲ್ಲೇ ಮೇಜಿನ ಮೇಲೆ ಬಾಗಿ, ಇದ್ದುದರಲ್ಲಿ ಚೆಂದದ ಅಕ್ಷರದಲ್ಲಿ ಅರ್ಜಿ ತುಂಬಿ, ಮಾವನ ಕೈಗೆ ಕೊಟ್ಟಳು. ಕಾರಣ ಎಂದಿದ್ದ ಕಡೆ ಕನ್ನಡ ಅಧ್ಯಾಪಕರ ಸಲಹೆಯಂತೆ ಎಂದು ಬರೆದಿದ್ದಳು.

ಮಾರನೆಯ ದಿನವೇ ಪ್ರಾಂಶುಪಾಲರು ಪ್ರಕಾಶರನ್ನು ಕರೆಸಿದರು. ಹೊರಗೆ ಬಂದಾಗ ಅವರ ಮುಖದಲ್ಲಿ ರಕ್ತವಿರಲಿಲ್ಲ. ಸೋಮವಾರದೊಳಗೆ ಹುಡುಗಿ ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಸರಿ, ಇಲ್ಲದಿದ್ದರೆ ತರಗತಿ ಇಲ್ಲ ಎಂದಿದ್ದರಂತೆ. ಮೇಷ್ಟರು ಮೆಟ್ಟಿಲ ಹತ್ತಿರ ಗೋಮತಿಯನ್ನು ತಡೆದು ನಿಲ್ಲಿಸಿದರು.

"ಆ ಅರ್ಜಿ ವಾಪಸ್ ತಗೊಂಡುಬಿಡಮ್ಮ. ನಾನೇ ಓದೋದು ಕಲಿಸ್ತೀನಿ, ಬೇಕಾದ್ರೆ ಸಂಜೆ ಹೊತ್ತು."

"ನೀವೇ ತಾನೆ ಸಾರ್ ಹೋಗು ಅಂದಿದ್ದು. ನಿಯಮ ಅಲ್ವಾ?"

ಮೇಷ್ಟರು ತಲೆ ತಗ್ಗಿಸಿದರು. ಆ ನಿಮಿಷದ ಸವಿಯನ್ನು ಗೋಮತಿ ಕಬ್ಬಿನ ಜಲ್ಲೆಯಂತೆ ಕಚ್ಚಿ ಕಚ್ಚಿ ಹೀರಿದಳು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಹಗೆ ಸಾಧಿಸುವವರಿಗೆ ಗೆದ್ದರೂ ಸಾಲದು, ಇನ್ನೊಂದಿಷ್ಟು ಬೇಕು ಅನ್ನಿಸುತ್ತದೆ.

"ನನ್ ಹತ್ರ ತಪ್ಪಾಯ್ತು ಅನ್ಬೇಡಿ ಸಾರ್" ಎಂದಳು. "ನಮ್ ಅಜ್ಜಿ ಹತ್ರ ಬಂದು ಹೇಳಿ. ಅವ್ರ ಕತೇನ ಏನ್ ಮಾಡಿದ್ರೋ ಅಷ್ಟೂ ಹೇಳ್ಬೇಕು, ಒಂದೂ ಬಿಡ್ಬಾರ್ದು. ಹೇಳಿದ್ರೆ ಸೋಮವಾರ ವಾಪಸ್ ತಕೋತೀನಿ. ವಾಕು."

ಅವಳ ಕಣ್ಣಿಗೆ ಕಟ್ಟಿದ್ದು ಮೇಷ್ಟರ ಮುಖ. ಅಜ್ಜಿಯ ಎದುರು ಆ ಮುಖ ಹೇಗೆ ಕುಗ್ಗುತ್ತದೆ, ಬಾಯಿ ಹೇಗೆ ತೊದಲುತ್ತದೆ, ಅದನ್ನು ನೋಡಬೇಕು. ಎದುರು ಕೂತವಳಿಗೂ ಒಂದು ಮುಖವಿದೆ ಎಂಬುದು ಆಗ ಅವಳ ಲೆಕ್ಕಕ್ಕೇ ಬರಲಿಲ್ಲ. ಕೋಪ ಬಂದಾಗ ನಮಗೆಲ್ಲ ಹೀಗೇ.

ಭಾನುವಾರ ಪ್ರಕಾಶ ಪೊಳ್ಳಾಚಿ ಬಸ್ಸು ಹಿಡಿದು ಬಂದರು. ಅಪ್ಪ ಅಮ್ಮ ಕಾರಮಡೈಗೆ ಯಾರದೋ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದರು. ವಾತ್ಯಾರು ಬರುತ್ತಾರೆ ಎಂದಿದ್ದಕ್ಕೆ ಅಜ್ಜಿ ಬೆಳಗಿನಿಂದ ಜಗಲಿ ಗುಡಿಸಿ, ನೀರು ಹಾಕಿ, ಪ್ಲಾಸ್ಟಿಕ್ ಕುರ್ಚಿಯನ್ನು ಒರೆಸಿಟ್ಟಿದ್ದಳು. ಹುರುಳಿ ಸಾರು ಮಾಡಿ ತುಪ್ಪ ಕಾಯಿಸಿದ್ದಳು.

"ಬನ್ನಿ ಸಾಮಿ, ಕೂತ್ಕೊಳ್ಳಿ. ಯಾವೂರು ನಿಮ್ದು?"

"ದಾವಣಗೆರೆ ಕಡೆ, ಅಜ್ಜಿ."

"ಮೈಸೂರ್ ಪಕ್ಕವಾ?"

"ಇಲ್ಲ, ದೂರ."

"ಎಷ್ಟ್ ದೂರ ಇದ್ರೂ ನಮ್ ಮಾತಾಡೋರು. ನಮ್ ಮನೇಗೆ ಇದ್ವರ್ಗು ಕನ್ನಡ್ದ ವಾತ್ಯಾರು ಯಾರೂ ಬಂದಿಲ್ಲ." ಅಜ್ಜಿ ಸೆರಗಿನ ತುದಿಯನ್ನು ಮಡಿಕೆ ಮಡಿಕೆ ಮಾಡುತ್ತ ನಾಚಿಕೊಂಡೇ ಕೇಳಿದಳು. "ನನ್ ಕತೆ ಹಿಡ್ಸಿತ್ತಾ ಸಾಮಿ? ಅಮ್ಮುಣಿ ಹೇಳ್ದಳು, ನೀವು ಬೋ ಸಂತೋಷ ಪಟ್ರಿ ಅಂತ."

ಪ್ರಕಾಶ ಬಾಗಿಲ ಕಡೆ ನೋಡಿದರು. ಗೋಮತಿ ಚೌಕಟ್ಟಿಗೆ ಒರಗಿ ನಿಂತಿದ್ದಳು. ಹೌದು ಎಂದು ಒಂದು ಮಾತು ಹೇಳಿ ಎದ್ದುಬಿಡಲೇ ಎಂದು ಅವರ ಕಣ್ಣು ಕೇಳಿತು. ಗೋಮತಿಗೆ ಅರ್ಥವಾಯಿತು. ಅವಳು ಇಲ್ಲ ಎಂಬಂತೆ ತಲೆಯಾಡಿಸಿದಳು.

ಮೇಷ್ಟರು ಕುರ್ಚಿ ಬಿಟ್ಟು ಎದ್ದು ನಿಂತರು. ಒಂದು ವಿಷಯ ಒಪ್ಪಿಕೊಳ್ಳಬೇಕು, ಆ ಮನುಷ್ಯ ಏನನ್ನೂ ಮುಚ್ಚಿಡಲಿಲ್ಲ.

"ಅಜ್ಜಿ, ನಿಮ್ಮ ಕತೆ ನಾನು ಪೂರ್ತಿ ಕೇಳಲೇ ಇಲ್ಲ. ಮಾತುಮಾತಿಗೂ ನಿಲ್ಲಿಸಿ ತಪ್ಪು ತೆಗೆದೆ. ಇದು ಕನ್ನಡವೇ ಅಲ್ಲ, ಬೆರಕೆ ಅಂದೆ. ಒಬ್ಬ ಹುಡುಗ ನಿಮ್ಮ ಹಾಗೆ ಮಾತಾಡಿ ತೋರಿಸಿದ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಪ್ಪಾಯ್ತು, ಕ್ಷಮಿಸಿ."

ಗೋಮತಿ ನೋಡಬೇಕೆಂದು ಕಾದಿದ್ದ ಮುಖ ಎದುರಿಗೇ ಇತ್ತು, ಬೆವೆತು, ಕುಗ್ಗಿ, ಬೇಕಾದ ಹಾಗೇ ಇತ್ತು. ಅವಳು ಅದನ್ನು ನೋಡಲಿಲ್ಲ. ಅಜ್ಜಿಯ ಕೈಯನ್ನು ನೋಡುತ್ತಿದ್ದಳು. ಸೆರಗು ಮಡಿಸುತ್ತಿದ್ದ ಬೆರಳುಗಳು ನಿಂತುಹೋಗಿದ್ದವು. ಅಜ್ಜಿ ಮೇಷ್ಟರನ್ನು ನೋಡಲಿಲ್ಲ, ಮೊಮ್ಮಗಳನ್ನೂ ನೋಡಲಿಲ್ಲ. ನೆಲ ನೋಡಿದಳು. ಆ ವಯಸ್ಸಿನಲ್ಲಿ ಅವಳ ಮುಖದ ಮೇಲೆ ನಾಚಿಕೆ ಹರಡಿತು, ತಾನೇ ಏನೋ ಕೆಟ್ಟ ಕೆಲಸ ಮಾಡಿ ಸಿಕ್ಕಿಬಿದ್ದವಳ ನಾಚಿಕೆ.

ನಾಚಿಯಮ್ಮ ತಲೆಯೆತ್ತಿದಳು.

"ಪರವಾಯಿಲ್ಲೀಂಗೊ ತಂಬಿ. ಉಕ್ಕಾರುಂಗೊ. ಸಾಪ್ಟುಟ್ಟು ಪೋಲಾಂ" ಎಂದಳು.

ಪರವಾಗಿಲ್ಲ, ಕೂತುಕೊಳ್ಳಿ, ಊಟ ಮಾಡಿ ಹೋಗಿ. ಅಷ್ಟೇ. ಆದರೆ ಅದು ತಮಿಳು, ಕರೆಂಟ್ ಬಿಲ್ಲಿನವನ ಜೊತೆ, ಗೊಬ್ಬರದ ಅಂಗಡಿಯವನ ಜೊತೆ ಅಜ್ಜಿ ಆಡುತ್ತಿದ್ದ ತಮಿಳು. ಆಮೇಲೆ ಎಲೆ ಹಾಕಿ, ಬಿಸಿ ಅನ್ನದ ಮೇಲೆ ತುಪ್ಪ ಸುರಿದು, ಇನ್ನಷ್ಟು ಹಾಕಿಸಿಕೊಳ್ಳಿ ಎಂದು ಬಲವಂತ ಮಾಡಿ ಬಡಿಸಿದಳು. ಎಲ್ಲವೂ ತಮಿಳಿನಲ್ಲೇ. ಪ್ರಕಾಶರಿಗೆ ತಮಿಳು ಅಷ್ಟಕ್ಕಷ್ಟೆ. ಅವರು ಸುಮ್ಮನೆ ತಲೆಯಾಡಿಸುತ್ತ, ಬಡಿಸಿದ್ದನ್ನೆಲ್ಲ ಉಂಡರು. ಹೊರಡುವಾಗ ಅಜ್ಜಿ ಒಂದು ಚೀಲ ಟೊಮೇಟೊ ಕೊಟ್ಟು, ಬೇಲಿಯ ಬಾಗಿಲ ತನಕ ಹೋಗಿ ಕಳಿಸಿ ಬಂದಳು. ನೋಡಿದವರು ಯಾರೋ ಹತ್ತಿರದ ಬಂಧು ಬಂದಿದ್ದ ಎಂದುಕೊಳ್ಳಬೇಕು.

ತಿರುಗಿ ಬಂದು ಗೋಮತಿಯ ಎದುರು ನಿಂತಳು. ಗೋಮತಿ ಅರ್ಜಿಯ ವಿಷಯ, ಸೋಮವಾರದ ಗಡುವು ಎಲ್ಲವನ್ನೂ ತಾನಾಗಿಯೇ ಹೇಳಿದಳು.

"ಆ ಕಾಗ್ದ ವಾಪಸ್ ತಕೋಬೇಡ. ಅವ್ನ್ ಕೆಲ್ಸ ಹೋಗ್ಲಿ."

"ವಾಕು ಕೊಟ್ಟಿದೀನಿ ಅಜ್ಜಿ."

"ನಾ ಕೊಟ್ಟಿಲ್ಲ."

ಸೋಮವಾರ ಗೋಮತಿ ತಮಿಳು ತರಗತಿಗೆ ಹೋದಳು. ದಾರಿಯಲ್ಲಿ ಕನ್ನಡದ ಕೋಣೆ. ಒಳಗೆ ಒಂಬತ್ತು ಮಂದಿ, ಬಾಗಿಲ ಕಡೆಗೇ ನೋಡುತ್ತ ಮೇಷ್ಟರು. ಅವಳನ್ನು ಕಂಡು ಅವರ ಮುಖದಲ್ಲಿ ಜೀವ ಬಂತು. ಅವಳು ಅವರ ಕಣ್ಣನ್ನೇ ನೋಡುತ್ತ, ಹೆಜ್ಜೆ ನಿಧಾನ ಮಾಡದೆ, ಮುಂದಕ್ಕೆ ನಡೆದಳು. ಹೊಟ್ಟೆ ತಣ್ಣಗಾಯಿತು ಎನ್ನುತ್ತಾರಲ್ಲ, ಅದು ಅವಳಿಗೆ ಆಗಿದ್ದು ಆ ಕ್ಷಣದಲ್ಲಿ. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಸಂತೋಷವೇ ಆಯಿತು. ಕೊಟ್ಟ ಮಾತು ಮುರಿದೆ ಎಂಬ ಅಳುಕು ಒಂದಿಷ್ಟೂ ಇರಲಿಲ್ಲ.

ಕನ್ನಡ ತರಗತಿ ಮುಚ್ಚಿತು. ಪ್ರಕಾಶ ಕೋಣೆ ಖಾಲಿ ಮಾಡಿ ಊರಿಗೆ ಹೋದರು. ಉಳಿದವರನ್ನು ಹಿಂದಿಗೆ ಸೇರಿಸಿದರು. ಹಿನಾ ಆಮೇಲೆ ಊಟದ ಹೊತ್ತಿಗೆ ಬೇರೆ ಕಡೆ ಕೂರತೊಡಗಿದಳು. ನಾನೇನು ಮಾಡಿದ್ದೆ ನಿನಗೆ ಎಂದು ಒಂದು ಸಲ ಕೇಳಿದಳು. ಗೋಮತಿ ಡಬ್ಬಿ ಮುಚ್ಚಿ ಎದ್ದುಹೋದಳು.

ಈಗ ಅವಳು ಎರಡನೇ ವರ್ಷದಲ್ಲಿದ್ದಾಳೆ. ತಮಿಳು ಸಾಹಿತ್ಯದಲ್ಲಿ ಒಳ್ಳೆಯ ಅಂಕ ಬರುತ್ತದೆ. ಯಾರೂ ಅವಳನ್ನು ನಿಲ್ಲಿಸುವುದಿಲ್ಲ, ಯಾರೂ ನಗುವುದಿಲ್ಲ. ಕಾಲೇಜಿನಲ್ಲಿ ಅವಳ ತಂಟೆಗೆ ಹೋದರೆ ನೆಟ್ಟಗಾಗುವುದಿಲ್ಲ ಎಂಬ ಹೆಸರೂ ಬಂದಿದೆ. ಅದು ಅವಳಿಗೆ ಇಷ್ಟವೇ.

ಆದರೆ ಮನೆಯ ವಿಷಯ ಬೇರೆ. ಬೇಲಿಯ ಬಾಗಿಲಿಂದ ತಿರುಗಿ ಬಂದು ಆಡಿದ ಆ ಎರಡು ಮಾತೇ ನಾಚಿಯಮ್ಮ ಮೊಮ್ಮಗಳೊಂದಿಗೆ ಆಡಿದ ಕೊನೆಯ ಕನ್ನಡ. ಮಾರನೆಯ ಬೆಳಿಗ್ಗೆಯಿಂದ ಅಜ್ಜಿಗೆ ತಮಿಳೇ. ಗೋಮತಿ ಮೊದಲು ಮುನಿಸು ಎಂದುಕೊಂಡಳು, ಸುಳ್ಳು ಹೇಳಿದ್ದಕ್ಕೆ ಅಜ್ಜಿ ತನ್ನ ಮೇಲೂ ಹಗೆ ಇಟ್ಟಿದ್ದಾಳೆ ಎಂದುಕೊಂಡಳು. ಅದಾಗಿದ್ದರೆ ಅವಳಿಗೆ ಒಗ್ಗುತ್ತಿತ್ತು, ಹಗೆಯ ಜೊತೆ ಬದುಕುವುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೆ ಅಜ್ಜಿಯ ದನಿಯಲ್ಲಿ ಕೋಪವೇ ಇಲ್ಲ. ಮೊದಲಿನಂತೆಯೇ ತಲೆ ಬಾಚುತ್ತಾಳೆ, ಮೊದಲಿನಂತೆಯೇ ಅಮ್ಮುಣಿ ಎನ್ನುತ್ತಾಳೆ. ಒಮ್ಮೆ ಗೋಮತಿ ಅತ್ತು ಕೇಳಿದಾಗ ಮಾತ್ರ, ನಮ್ಮದು ಚೆನ್ನಾಗಿಲ್ಲವಂತಲ್ಲ, ನಾಲ್ಕು ಜನರ ಮುಂದೆ ನಿನಗೆ ಅವಮಾನ ಯಾಕೆ ಎಂದಳು. ಅದನ್ನೂ ತಮಿಳಿನಲ್ಲೇ.

ಗೋಮತಿ ಬಿಟ್ಟಿಲ್ಲ. ಸಂಜೆ ಬಸ್ಸಿಳಿದು ಬಂದವಳು ಚೀಲ ಇಳಿಸಿ ಪಕ್ಕದಲ್ಲಿ ಕೂರುತ್ತಾಳೆ.

"ಅಜ್ಜಿ, ಊಟ ಆಯ್ತಾ?"

"ಆಚ್ಚು ಅಮ್ಮುಣಿ. ನೀ ಪೋಯ್ ಸಾಪ್ಪುಡು."

"ಏನ್ ಮಾಡಿದ್ದೆ ಇವತ್ತು?"

"ರಸಂ."

ಮೊದಲಾದರೆ ಆ ಸಾರಿನ ಸುದ್ದಿಯೇ ಒಂದು ಗಳಿಗೆ ನಡೆಯುತ್ತಿತ್ತು. ಗೋಮತಿ ಇನ್ನೊಂದು ಪ್ರಶ್ನೆ ಹುಡುಕುತ್ತಾಳೆ, ಅದನ್ನು ಕನ್ನಡದಲ್ಲಿ ಕೇಳುತ್ತಾಳೆ. ಉತ್ತರ ಇನ್ನೊಂದು ಭಾಷೆಯಲ್ಲಿ, ಪ್ರೀತಿಯಿಂದಲೇ, ಚಿಕ್ಕದಾಗಿ ಬರುತ್ತದೆ. ಅವಳಲ್ಲಿ ಮತ್ತೆ ಹಗೆ ಏಳುತ್ತದೆ. ಯಾರ ಮೇಲೆ ಎಂದು ನೋಡಿದರೆ, ಮೇಷ್ಟರು ಹೋಗಿಯಾಗಿದೆ, ಅವರನ್ನು ಕರೆತಂದು ಈ ಜಗಲಿಯ ಮೇಲೆ ನಿಲ್ಲಿಸಿ ಹೇಳಿಸಿದವಳು ಮಾತ್ರ ಇಲ್ಲೇ ಕೂತಿದ್ದಾಳೆ.